ಬಾಗಿಲುಗಳ ಕಾದಂಬರಿ, ನೀರಿನ ಕೋಟೆ

ಚಿತ್ರದುರ್ಗದ ಕೋಟೆಗೆ ಮೊದಲ ಸಲ ಹೋಗುವ ಕನ್ನಡಿಗ ನಿಜಕ್ಕೂ ಮೊದಲ ಸಲ ಹೋಗಿರುವುದಿಲ್ಲ. ‘ನಾಗರಹಾವು’ ಸಿನಿಮಾ ನೋಡಿರುತ್ತಾನೆ. ಓದುವ ಹುಚ್ಚಿದ್ದರೆ ‘ದುರ್ಗಾಸ್ತಮಾನ’ ಮುಗಿಸಿರುತ್ತಾನೆ. ನಾನೂ ಹಾಗೆ ಹೋದವನೇ. ಪಿಯುಸಿ ರಜೆಯಲ್ಲಿ ಕಾದಂಬರಿ ಓದಿ, ಅದರ ಗುಂಗಿನಲ್ಲೇ ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದ್ದೆ. ಆ ದಿನ ಕೋಟೆಯ ತುಂಬ ಕಾದಂಬರಿಯನ್ನೇ ಹುಡುಕಿಕೊಂಡು ಓಡಾಡಿದೆ, ಕೋಟೆ ಕಣ್ಣಿಗೆ ಬೀಳಲೇ ಇಲ್ಲ. ಈ ಮಳೆಗಾಲ ಪುಸ್ತಕವನ್ನು ಮತ್ತೆ ಓದಿ, ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಯ ಕಾಡು ಎಂದು ಎರಡು ದಿನ ಕಾಲು ಸವೆಸಿದಾಗ ನನ್ನ ಪ್ರೀತಿಯ ಕಾದಂಬರಿಯ ಮೇಲೆ ಒಂದು ತಕರಾರು ಹುಟ್ಟಿಕೊಂಡಿತು.

ತ.ರಾ.ಸು. ದುರ್ಗದ ಮೇಲೆ ಬರೆದದ್ದು ಒಂದೆರಡು ಪುಸ್ತಕವಲ್ಲ. ದಳವಾಯಿ ಮುದ್ದಣ್ಣನ ಕಾಲದ ರಕ್ತಪಾತವನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಹೇಳಿದವರು, 1982ರಲ್ಲಿ ‘ದುರ್ಗಾಸ್ತಮಾನ’ಕ್ಕೆ ಬಂದರು. 1985ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿರಲಿಲ್ಲ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕನಿಂದ 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬೀಳುವವರೆಗಿನ ಕಥೆ ಅದು. ಮಕ್ಕಳಿಲ್ಲದ ಅರಮನೆಗೆ ಜಾನಕಲ್ಲಿನಿಂದ ಒಬ್ಬ ಹುಡುಗನನ್ನು ಕರೆತರುತ್ತಾರೆ. ಜಾನಕಲ್ಲು ಈಗ ಹೊಸದುರ್ಗ ತಾಲ್ಲೂಕಿನ ಊರು. ಗೊತ್ತಿಲ್ಲದ ಕೋಟೆಯೊಳಗೆ ಕಾಲಿಟ್ಟ ಆ ಹುಡುಗನ ಬೆನ್ನಿಗೇ ಓದುಗನೂ ಒಳಗೆ ಬರುತ್ತಾನೆ. ಕಾದಂಬರಿಯ ಅರ್ಧ ಶಕ್ತಿ ಈ ಪ್ರವೇಶದಲ್ಲೇ ಇದೆ.

ಹಾಗೆ ಒಳಗೆ ಬಂದ ಮೇಲೆ ನಮಗೆ ಕಾಣುವುದು ಮುಖ್ಯವಾಗಿ ಬಾಗಿಲುಗಳು. ಯಾರು ಒಳಗೆ ಬಂದರು, ಯಾರನ್ನು ತಡೆದರು, ಯಾವ ಸುದ್ದಿ ಯಾವ ಹೊತ್ತಿನಲ್ಲಿ ಮೇಲಕ್ಕೆ ಹೋಯಿತು, ಯಾರ ನಿಷ್ಠೆ ಎಷ್ಟು ಎಂಬುದರ ಮೇಲೆಯೇ ಕುತೂಹಲ ನಿಂತಿದೆ. ಏಳು ಸುತ್ತಿನ ಕೋಟೆ ಅಲ್ಲಿ ಏಳು ಸುತ್ತಿನ ಸಂಶಯವೂ ಹೌದು. ಪುಸ್ತಕ ಕೈಬಿಟ್ಟು ಕಾಲಿನಲ್ಲಿ ನಡೆದಾಗ ಮಾತ್ರ ಕೋಟೆ ತನ್ನನ್ನು ಬೇರೆ ರೀತಿ ವಿವರಿಸಿಕೊಳ್ಳುತ್ತದೆ. ಬಂಡೆಯಿಂದ ಬಂಡೆಗೆ ಹೋಗುವ ಗೋಡೆಗಳ ನಡುವೆ ಎಲ್ಲಿ ನಿಂತರೂ ನೆಲದ ಓಟ ನೀರಿನ ಕಡೆಗಿದೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಮಳೆ ಬಂದ ಮಾರನೆಯ ದಿನ ಈ ಜಾಡು ಹಿಡಿದು ಇಳಿದು ನೋಡಿ. ಬತೇರಿ, ಬಾಗಿಲು, ಕಂದಕಗಳು ಶತ್ರುವಿಗಾಗಿ ಕಟ್ಟಿದವು, ಸರಿ. ಕೋಟೆಯಲ್ಲಿ ಬದುಕು ಸಾಧ್ಯವಾದದ್ದು ಈ ಇಳಿಜಾರಿನಿಂದ.

ಒನಕೆ ಓಬವ್ವನ ಕಥೆಯನ್ನೇ ನೋಡಿ. ಗಂಡ ಊಟಕ್ಕೆ ಕೂತ, ಹೆಂಡತಿ ಕುಡಿಯುವ ನೀರು ತರಲು ಹೋದಳು, ಕಿಂಡಿಯಲ್ಲಿ ಶತ್ರು ಕಂಡ. 1972ರ ಸಿನಿಮಾದಲ್ಲಿ ಜಯಂತಿಯವರ ಓಬವ್ವ ಒನಕೆ ಎತ್ತಿದ ಮೇಲೆ ಆ ನೀರನ್ನು ಎಲ್ಲರೂ ಮರೆತುಬಿಟ್ಟೆವು. (ಸಿನಿಮಾ ಆದ ಮೇಲೆ ತ.ರಾ.ಸು. ಇದು ನಾಗರಹಾವಲ್ಲ, ಕೇರೆಹಾವು ಎಂದು ಸಿಡುಕಿದ್ದರಂತೆ. ಮೂರು ಕಾದಂಬರಿಗಳನ್ನು ಹೆಣೆದು ಒಂದು ಚಿತ್ರ ಮಾಡಿದರೆ ಲೇಖಕನಿಗೆ ಸಿಟ್ಟು ಬರುವುದು ಸಹಜ.) ಕಥೆ ಜನರ ಬಾಯಲ್ಲಿ ಉಳಿದುಬಂದಿರುವುದು ಕೊಡದ ಸಮೇತ ಎಂಬುದು ನನಗೆ ದೊಡ್ಡ ವಿಷಯ.

ಚಂದ್ರವಳ್ಳಿಗೆ ಇಳಿದಾಗ ಈ ಅನುಮಾನ ಗಟ್ಟಿಯಾಯಿತು. ಅಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಎಂ.ಎಚ್. ಕೃಷ್ಣ ಓದಿದಂತೆ ಅದರಲ್ಲಿ ಪಲ್ಲವ, ಆಭೀರ ಮೊದಲಾದವರ ಹೆಸರಿದೆ. ಆ ಓದಿನ ಬಗ್ಗೆ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ. ಜಗಳವಿಲ್ಲದ ಮಾತು ಒಂದೇ, ಕೆರೆ ಕಟ್ಟಿಸಿದ್ದು. ನಾಯಕರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಈ ಕಣಿವೆಯಲ್ಲಿ ಒಬ್ಬ ದೊರೆ ತನ್ನ ಹೆಸರು ಕೆತ್ತಿಸಿದ್ದು ಕೆರೆಯ ಜೊತೆಗೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಇತಿಹಾಸದ ಕಾದಂಬರಿಯೊಂದು ನೀರನ್ನು ಹಿನ್ನೆಲೆಯ ಪರದೆಯಾಗಿ ಮಾತ್ರ ಇಟ್ಟುಕೊಂಡರೆ ಏನೋ ಕಳೆದುಹೋಗುತ್ತದೆ.

ಆದರೆ ಜೋಗಿಮಟ್ಟಿಯ ಏರು ಹತ್ತುತ್ತಾ ನನ್ನ ತಕರಾರಿಗೆ ನಾನೇ ಉತ್ತರ ಹುಡುಕಬೇಕಾಯಿತು. ಕುರುಚಲು ಕಾಡು, ಸೀತಾಫಲದ ಗಿಡ, ಮೊಣಕಾಲೆತ್ತರದ ಹುಲ್ಲು, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಉಸಿರು ತೆಗೆದುಕೊಳ್ಳಲು ಕೂತಾಗ ಅನ್ನಿಸಿತು: ನೀರು ಅಷ್ಟು ಭದ್ರವಾಗಿದ್ದ ಕೋಟೆಯನ್ನು ಹೊರಗಿನಿಂದ ಬಾಯಾರಿಸಿ ಕೆಡವುವುದು ಕಷ್ಟ. ದುರ್ಗ ಬಿದ್ದದ್ದು ಒಳಗಿನವರ ದ್ರೋಹದಿಂದ ಎಂದು ಪ್ರಚಲಿತ ಇತಿಹಾಸವೂ ಹೇಳುತ್ತದೆ. ಹಾಗಿದ್ದಲ್ಲಿ ಬಿರುಕು ಮನುಷ್ಯರಲ್ಲೇ ಇರಬೇಕು. ತ.ರಾ.ಸು. ಬಾಗಿಲುಗಳ ಬಳಿ ಅಷ್ಟು ಹೊತ್ತು ನಿಂತದ್ದು ಆ ಮಟ್ಟಿಗೆ ಸರಿಯಾದ ಜಾಗದಲ್ಲೇ. ನನ್ನ ಅರ್ಧ ತಕರಾರನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಉಳಿದರ್ಧ ಶೀರ್ಷಿಕೆಯ ಬಗ್ಗೆ. ಅಸ್ತಮಾನ ಯಾರದ್ದು? ಈ ಮನೆತನದ ತಿಮ್ಮಣ್ಣ ನಾಯಕ ಮೊದಲು ಹೊಳಲ್ಕೆರೆಗೆ, ಆಮೇಲೆ ಹಿರಿಯೂರಿಗೆ, ಕೊನೆಗೆ ಚಿತ್ರದುರ್ಗಕ್ಕೆ ವಿಜಯನಗರದ ನಾಯಕನಾದವನು. ಆ ಸೂರ್ಯ ಹುಟ್ಟಿದ್ದು, ಮುಳುಗಿದ್ದು ಎರಡೂ ಚರಿತ್ರೆಯಲ್ಲಿ ದಾಖಲಾಗಿವೆ. ಮದಕರಿಯನ್ನು ಸಂಸಾರ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ದ ಹೈದರ್, ಸುಮಾರು 20,000 ಬೇಡರನ್ನೂ ಅಲ್ಲಿಗೆ ಸಾಗಿಸಿದ ಎಂದು ಬಿ.ಎಲ್. ರೈಸ್ ಬರೆದಿದ್ದಾನೆ. ಅವರ ಹುಡುಗರನ್ನು ಸೈನ್ಯಕ್ಕೆ ಸೇರಿಸಲಾಯಿತು. ಅಷ್ಟು ಜನ ತಮ್ಮ ಹೊಂಡ, ಹೊಲ, ಅಡವಿಗಳಿಗೆ ಬೆನ್ನು ಹಾಕಿ ತೆಂಕಣಕ್ಕೆ ನಡೆದದ್ದರ ಬಗ್ಗೆ ಒಂದು ಕಾದಂಬರಿಯನ್ನು ನಾನು ಓದಿಲ್ಲ. ರಾಜನ ದುಃಖವನ್ನು ತ.ರಾ.ಸು. ಎಷ್ಟು ಚೆನ್ನಾಗಿ ಬರೆದರೆಂದರೆ, ಪುಸ್ತಕ ಮುಚ್ಚುವಾಗ ಓದುಗನ ಕಣ್ಣೀರು ಒಬ್ಬನಿಗೇ ಖರ್ಚಾಗಿ ಹೋಗಿರುತ್ತದೆ.

ಎರಡನೆಯ ದಿನ ಸಂಜೆ ಅಕ್ಕ-ತಂಗಿ ಹೊಂಡದ ಬಳಿ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ಮದಕರಿಯ ಬಗ್ಗೆ ಏನಾದರೂ ಹೇಳುತ್ತಾರೇನೋ ಎಂದು ಮಾತಿಗೆಳೆದೆ. ಅವರು ಮೇಲಿನ ಬಂಡೆಯ ಕಡೆ ಕೋಲು ತೋರಿಸಿ, “ಈ ಸಲ ಮಳೆ ಚಲೋ ಆಗೈತೆ ಸಾ, ಮ್ಯಾಲಿನ ಹೊಂಡ ತುಂಬಿ ಇಲ್ಲಿಗೆ ಇಳೀತಾ ಐತೆ, ಕೇಳುಸ್ತಾ?” ಅಂದರು. ಕಿವಿಗೊಟ್ಟೆ. ಕೇಳಿಸುತ್ತಿತ್ತು.