ಸಂದರ್ಶನದ ಅಂಗಿ ಯಾರದು?

ವಿಜಯಪುರದ ಪುಸ್ತಕದಂಗಡಿಗಳಲ್ಲಿ ಪರೀಕ್ಷೆಯ ಗೈಡುಗಳ ಪಕ್ಕದಲ್ಲೇ ಇನ್ನೊಂದು ಜಾತಿಯ ಪುಸ್ತಕ ಇರುತ್ತದೆ. ಸಂದರ್ಶನ ಎದುರಿಸುವುದು ಹೇಗೆ, ವ್ಯಕ್ತಿತ್ವ ವಿಕಸನ, ಹೀಗೆ ಹೆಸರು. ಬೆಲೆ ಕಡಿಮೆ, ಉಪದೇಶ ಜಾಸ್ತಿ. ನಮ್ಮ ಸಾಹಿತ್ಯ ವಿಮರ್ಶಕರು ಇವನ್ನು ಮುಟ್ಟುವುದಿಲ್ಲ. ಆದರೆ ತಿಕೋಟಾದಿಂದ, ಬಬಲೇಶ್ವರದಿಂದ ನೌಕರಿ ಹುಡುಕಿಕೊಂಡು ಬರುವ ಹುಡುಗರು ಕತೆ, ಕವಿತೆಗಿಂತ ಹೆಚ್ಚು ಮನಸ್ಸಿಟ್ಟು ಓದುವುದು ಇವನ್ನೇ. ಹಾಗಾಗಿ ವಿಮರ್ಶೆ ಮಾಡಬೇಕಾದ್ದೂ ಇವನ್ನೇ.

ಇವುಗಳಲ್ಲಿ ಉಡುಪಿನ ಅಧ್ಯಾಯ ತಪ್ಪುವುದಿಲ್ಲ. ತಿಳಿಬಣ್ಣದ ತುಂಬುತೋಳಿನ ಅಂಗಿ, ಕಡುಬಣ್ಣದ ಪ್ಯಾಂಟು, ಇನ್‌ಶರ್ಟ್, ಬೆಲ್ಟು, ಪಾಲಿಶ್ ಮಾಡಿದ ಕಪ್ಪು ಬೂಟು. ಹೆಣ್ಣುಮಕ್ಕಳಿಗೆ ಹತ್ತಿಯ ಸೀರೆ ಇಲ್ಲವೆ ಚೂಡಿದಾರ, ಸದ್ದು ಮಾಡದ ಬಳೆ. ಸ್ವಚ್ಛ ಇರ್ರಿ ಅಂದರೆ ಯಾರೂ ಬ್ಯಾಡ ಅನ್ನೂದಿಲ್ಲ. ಆದರೆ ಈ ಸಾಲುಗಳ ನಡುವೆ 'ಸಭ್ಯ ಉಡುಪು' ಎಂಬ ಮಾತು ನುಸುಳುತ್ತದಲ್ಲ, ಅಲ್ಲಿ ನಾವು ನಿಲ್ಲಬೇಕು. ಸಭ್ಯ ಅಂದರೆ ಸಭೆಗೆ ಸೇರಿದವನು. ಯಾವ ಸಭೆ? ಅಲ್ಲಿ ಕುಂತವರು ಯಾರು? ತಿಕೋಟಾದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಅವ್ವನ ಸೀರೆ, ಬಬಲೇಶ್ವರದ ಮುದುಕನ ಧೋತರ, ರುಮಾಲು ಆ ಸಭೆಯ ಹೊರಗೇ ಉಳಿಯುತ್ತವೆ. ಬ್ಯಾಸಗ್ಯಾಗ 40 ಡಿಗ್ರಿ ದಾಟುವ ಊರಿನ ಹುಡುಗನಿಗೆ ಕೊರಳಿಗೆ ಟೈ ಬಿಗಿದುಕೋ ಎಂದು ಬರೆದವನು ಈ ಬಿಸಿಲು ಕಂಡವನಲ್ಲ.

ಬೂಟಿನ ಮಾತು ಇನ್ನೂ ಸೊಗಸು. ಸಂದರ್ಶಕರು ಮೊದಲು ನೋಡುವುದೇ ಬೂಟನ್ನಂತೆ. ಈ ನಾಡಿಗೆಲ್ಲ ಕೆರ ಹೊಲಿದುಕೊಟ್ಟ ಸಮಗಾರರ, ಮಾದಿಗರ ಮೊಮ್ಮಗನಿಗೆ ಬೂಟು ಹ್ಯಾಂಗ ಹಾಕಬೇಕಂತ ಪಾಠ! ಗೌಡರ ವಾಡೆಯ ಮುಂದೆ ಹಾಯುವಾಗ ಕೆರ ಕೈಯಾಗ ಹಿಡಕೊಂಡು ಹೋಗಬೇಕಾಗಿದ್ದ ಅಜ್ಜಂದಿರ ಮಾತು ಆ ಅಧ್ಯಾಯದಲ್ಲಿಲ್ಲ. ಆಗ ಕಾಲಲ್ಲಿ ಕೆರ ಇದ್ದದ್ದು ಅಪರಾಧ, ಈಗ ಬೂಟು ಇಲ್ಲದ್ದು ಅಪರಾಧ. (ಇದಕ್ಕೊಂದು ತಮಾಷೆಯ ಜೋಡಿ ಇದೆ. 2023ರಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ನಿಗಮ, ಮಂಡಳಿಗಳ ನೇಮಕಾತಿ ಪರೀಕ್ಷೆಗೆ ತುಂಬುತೋಳಿನ ಅಂಗಿ, ಬೂಟು ಹಾಕಿ ಬರಬಾರದೆಂದು ನಿಯಮವಿತ್ತು, ನಕಲು ಮಾಡ್ತಾರಂತ. ಬರೆಯುವಾಗ ಕಳ್ಳತನದ ಗುರುತಾದದ್ದು ಮಾತಾಡುವಾಗ ಸಭ್ಯತೆಯ ಗುರುತು.)

ಹಾಗಂತ ಹರಿದ ಅಂಗಿಯೇ ನಮ್ಮ ಬಾವುಟ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬಂಡಾಯದ ವೇದಿಕೆಗಳ ಮೇಲೆ ಕಾಣುತ್ತಿದ್ದ ಜುಬ್ಬಾ, ಗಡ್ಡ, ಹೆಗಲಚೀಲ ಕೂಡ ಒಂದು ಸಮವಸ್ತ್ರವೇ. ಬಡತನವನ್ನು ಬೇಕಾದಾಗ ತೊಟ್ಟು ಬೇಡಾದಾಗ ಬಿಚ್ಚಬಲ್ಲವನಿಗೆ ಅದು ಚೆಂದ. ಗಾಂಧಿ 1921ರಲ್ಲಿ ಮಧುರೆಯಲ್ಲಿ ಅಂಗಿ ಬಿಟ್ಟರು, 1931ರಲ್ಲಿ ಆ ತುಂಡುಬಟ್ಟೆಯಲ್ಲೇ ಲಂಡನ್ನಿನ ಅರಮನೆಗೂ ಹೋಗಿ ಬಂದರು. ಅಂಬೇಡ್ಕರರು ಅದೇ ದುಂಡುಮೇಜಿನ ಪರಿಷತ್ತಿಗೆ ಸೂಟು ತೊಟ್ಟು ಹೋದರು. ಇದನ್ನು ಅನುಕರಣೆ ಅನ್ನುವವರಿಗೆ ಚರಿತ್ರೆ ಗೊತ್ತಿಲ್ಲ. ಒಳ್ಳೇ ಅರಿವೆಯನ್ನೇ ಮುಟ್ಟಗೊಡದ ಜನಕ್ಕೆ ಅರಿವೆ ಬಿಡುವುದು ತ್ಯಾಗ ಹ್ಯಾಂಗ ಆದೀತು? 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಹೆಣ್ಣುಮಕ್ಕಳಿಗೆ ಹೇಳಿದ್ದು ಇದನ್ನೇ: ಅಸ್ಪೃಶ್ಯರೆಂದು ದೂರದಿಂದಲೇ ತೋರಿಸಿಕೊಡುವ ಸೀರೆಯ ಉಡಿಗೆಯನ್ನೂ ಒಡವೆಗಳನ್ನೂ ಬಿಡಿ, ಬಟ್ಟೆ ಹರಕಾದರೂ ಚೊಕ್ಕ ಇರಲಿ. ಅದು ಯಜಮಾನ ಬರೆದ ಗುರುತನ್ನು ಮೈಮೇಲಿಂದ ಕಿತ್ತುಹಾಕುವ ಕೆಲಸವಾಗಿತ್ತು. ಸಾಲ ಮಾಡಿ ಅಂಗಿ ಹೊಲಿಸಿಕೊಂಡು ಬಂದ ಹುಡುಗನನ್ನು ನಗುವ ಹಕ್ಕು ನಮಗಾರಿಗೂ ಇಲ್ಲ.

ಆದರೆ ಸೂಟು ಎಲ್ಲಿಯತನಕ ಕಾಯುತ್ತದೆ? ಅದೇ ಅಂಬೇಡ್ಕರರು 1917ರಲ್ಲಿ ಕೊಲಂಬಿಯಾದಲ್ಲಿ ಓದಿಬಂದು ಬರೋಡಾದ ನೌಕರಿಗೆ ಸೇರಿದಾಗ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಬಡಿಗೆ ಹಿಡಿದವರು ಬಂದು ಹೊರಹಾಕಿದರು. ಮೈಮೇಲಿನ ಬಟ್ಟೆಯನ್ನು ಯಾರೂ ಪ್ರಶ್ನಿಸಲಿಲ್ಲ, ಅದರೊಳಗಿನ ಜಾತಿಯನ್ನು ಪ್ರಶ್ನಿಸಿದರು. ನಮ್ಮ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹೆಸರಿಟ್ಟರು. ಸರ್ಕಾರದ ಸವಲತ್ತಿನ ಮಾತೆತ್ತಿ ದಲಿತ ವಿದ್ಯಾರ್ಥಿಯನ್ನು ಚುಚ್ಚುವ ಹೆಸರದು. ಅಂಗಿ ಎಷ್ಟೇ ಬೆಳ್ಳಗಿರಲಿ, ಈ ಹೆಸರು ಬೆನ್ನಿಗೆ ಅಂಟಿಕೊಂಡಿರುತ್ತದೆ.

ಇನ್ನು ಅಂಗಿ ಕಾಣುವ ಮೊದಲೇ ಮುಗಿದುಹೋಗುವ ಆಟವೂ ಇದೆ. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳಿಗೆ 4,808 ಅರ್ಜಿ ಕಳಿಸಿ ನೋಡಿದರು. ಓದು ಒಂದೇ ತೂಕದ್ದು, ಹೆಸರು ಮಾತ್ರ ಬೇರೆ. 2007ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮೇಲ್ಜಾತಿ ಹೆಸರಿಗೆ ಕರೆ ಬರುವ ಸಾಧ್ಯತೆಯನ್ನು 1 ಎಂದು ಹಿಡಿದರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಅದೇ ವರ್ಷ ಸುರಿಂದರ್ ಜೋಧ್ಕಾ, ಕ್ಯಾಥರೀನ್ ನ್ಯೂಮನ್ ದಿಲ್ಲಿಯ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ ಬರೆದರು: ಪ್ರತಿಭೆಯೇ ಮುಖ್ಯ ಎನ್ನುವವರೇ ಮನೆತನದ ಹಿನ್ನೆಲೆಯನ್ನೂ ಕೇಳುತ್ತಾರೆ. ಬಂದವನ ಕುಲ ಕೇಳಬಾರದೆಂದ ಬಸವಣ್ಣನ ಜಿಲ್ಲೆಯವರಾದ ನಮಗೆ ಇದು ಹೊಸ ಸುದ್ದಿಯೇನಲ್ಲ.

ತಿಕೋಟಾದಿಂದ ವಿಜಯಪುರಕ್ಕೆ ಬರುವ ದಾರಿಯಲ್ಲಿ ತೊರವಿ. ಅಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ, ಸಂದರ್ಶನದ ಸೀರೆಗೆ ಮಾತ್ರ ಬೇಕು. ಅರಿವೆ ಬಿಟ್ಟು ನಡೆದವಳ ಹೆಸರಿನ ದಾರಿಯಲ್ಲೇ ಅರಿವೆಯ ಚಿಂತೆ! 'ಶೂನ್ಯಸಂಪಾದನೆ'ಯಲ್ಲಿ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಬಾಗಿಲಲ್ಲೇ ತಡೆದು ಕೇಳುತ್ತಾನೆ. ನಿನ್ನ ಗಂಡ ಯಾರು? ಸೀರೆ ಬಿಟ್ಟವಳು ಕೂದಲಿಂದ ಮೈ ಯಾಕ ಮುಚ್ಚಿಕೊಂಡಿ? ಪ್ರಶ್ನೆ ಕ್ರೂರವೇ, ಗಂಡಸಿನದೇ. ಆದರೆ ಅದು ಎದುರಿಗೇ, ಎಲ್ಲರ ಕಿವಿಗೆ ಬೀಳುವ ಹಾಗೆ ಕೇಳಿದ ಪ್ರಶ್ನೆ. ಅಕ್ಕ ಉತ್ತರ ಕೊಟ್ಟಳು, ಕೇಳಿದವನೇ ಒಪ್ಪಿದ. ಇಂದಿನ ಸಂದರ್ಶಕ ಏನೂ ಕೇಳುವುದಿಲ್ಲ. ಕಾಲರಿನಿಂದ ಬೂಟಿನತನಕ ಒಮ್ಮೆ ನೋಡುತ್ತಾನೆ, ಕಾಗದದ ಮೇಲೆ ಅಂಕಿ ಬರೆಯುತ್ತಾನೆ. ಕೇಳದ ಪ್ರಶ್ನೆಗೆ ಯಾವ ಹುಡುಗಿ ಉತ್ತರ ಕೊಟ್ಟಾಳು?

ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಕೆಳಹಂತದ ಹುದ್ದೆಗಳಿಗೆ ಸಂದರ್ಶನ ತೆಗೆದುಹಾಕಿತು. ಗುಮಾಸ್ತನಿಗೆ ಬೇಡವಾದ ಈ ನೋಟ ಕಲೆಕ್ಟರನಿಗೆ ಇನ್ನೂ ಬೇಕು. ಯುಪಿಎಸ್‌ಸಿಯ ಒಟ್ಟು 2025 ಅಂಕಗಳಲ್ಲಿ 275 'ವ್ಯಕ್ತಿತ್ವ'ಕ್ಕೆ ಮೀಸಲು. ಅದರಲ್ಲಿ ಬುದ್ಧಿಗೆ ಎಷ್ಟು, ಅಂಗಿಗೆ ಎಷ್ಟು, ಅಪ್ಪನ ಕಸುಬಿಗೆ ಎಷ್ಟು, ಬಿಡಿಸಿ ಬರೆಯಲಿ. ಕೈಪಿಡಿಯವರೂ ಮುಂದಿನ ಮುದ್ರಣದಲ್ಲಿ ಬೂಟಿನ ಪಾಲಿಶ್ ಎರಡು ಸಾಲು ಕಡಿಮೆ ಮಾಡಿ, 'ನಿಮ್ಮ ತಂದೆ ಏನು ಮಾಡ್ತಾರೆ?' ಎಂದು ಕೇಳಿದಾಗ ದ್ರಾಕ್ಷಿ ತೋಟದ ಕೂಲಿಯವನ ಮಗಳು ಏನು ಹೇಳಬೇಕು ಎಂಬುದಕ್ಕೆ ಒಂದು ಪುಟ ಕೊಡಲಿ. ಆ ಪ್ರಶ್ನೆ ಕೇಳುವವರಿಗಾಗಿ ಇನ್ನೊಂದು ಪುಟ.