ಹಿತ್ತಲಿನ ಹಕ್ಕಿ, ಪುಸ್ತಕದ ಹಕ್ಕಿ

ಉಪನಗರದ ನಮ್ಮ ಸೊಸೈಟಿಯ ಹಿಂಗೋಡೆಯ ಪೊದೆಯಲ್ಲಿ ಒಂದು ಹಕ್ಕಿಯಿದೆ. ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ, ಕಣ್ಣು ಕೆಂಡ. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಮಕ್ಕಳು ಅದನ್ನು ಶಾಲೆಯ ಗೆಳೆಯರಂತೆ ‘ಭಾರದ್ವಾಜ’ ಎನ್ನುತ್ತಾರೆ. ನವಿಲನ್ನು ನೋಡಿ ಪುಕ್ಕ ಕೆದರಿದ ಕೆಂಬೂತದ ಗಾದೆಯೂ ಅವರಿಗೆ ಬಾಯಿಪಾಠ. ಆ ಕೆಂಬೂತ ಇದೇ ಎಂದರೆ ಮಾತ್ರ ನಂಬಲೊಲ್ಲರು!

ಇದರಿಂದ ಪೇಚಾಡಿ ಪುಸ್ತಕಗಳ ಮೊರೆಹೊಕ್ಕೆವು. ಮೊದಲನೆಯದು ಸಾಲಿಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’. ಈ ಮುಂಬಯಿಯಲ್ಲೇ 1896ರಲ್ಲಿ ಹುಟ್ಟಿದವರು ಬರೆದದ್ದು. 1941ರಲ್ಲಿ ಇಲ್ಲಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹೊರತಂದದ್ದು. ಗುಬ್ಬಚ್ಚಿಗಿಂತ ದೊಡ್ಡದೇ, ಮೈನಾಕ್ಕಿಂತ ಚಿಕ್ಕದೇ ಎಂದು ಕಂಡ ಹಕ್ಕಿಯಿಂದ ಕಾಣದ ಹಕ್ಕಿಯನ್ನು ಅಳೆದು ಕೊಡುವ ಅವರ ಕ್ರಮ ನಮ್ಮಂಥ ಸಾಮಾನ್ಯರಿಗೆ ದೊಡ್ಡ ಉಪಕಾರ. ಮಾತು ಕಡಮೆ, ನೋಟ ಹೆಚ್ಚು. ಇದು ಕೂತು ನೋಡಿದವರ ಬರವಣಿಗೆ. 1930ರಲ್ಲಿ ಕೆಲಸವಿಲ್ಲದೆ ಅಲಿಬಾಗಿನ ಬಳಿಯ ಕಿಹೀಮಿನಲ್ಲಿದ್ದಾಗ ಅವರು ಗೀಜಗಗಳ ಸಂಸಾರವನ್ನೇ ಕಾದು ನೋಡಿದರು. ಗಂಡು ಅರ್ಧ ಗೂಡು ಹೆಣೆಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಉಳಿಯುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ. (ಗೃಹಿಣಿಯರು ಏನೆನ್ನುವರೋ!)

ಆದರೆ ಆ ಪುಸ್ತಕ ಓದಿದ ಮಗುವಿನ ಬಾಯಲ್ಲಿ ನಮ್ಮ ಕೆಂಬೂತ ‘ಕ್ರೋ ಫೆಸೆಂಟ್’ ಆಯಿತು. ಅದು ಕಾಗೆಯೂ ಅಲ್ಲ, ಫೆಸೆಂಟೂ ಅಲ್ಲ. ಕೋಗಿಲೆಯ ಕುಲದ್ದು, ಆದರೂ ತನ್ನ ಗೂಡು ತಾನೇ ಕಟ್ಟಿಕೊಳ್ಳುವ ಮಾನವಂತ. ಇಂಗ್ಲಿಷ್ ಹೆಸರೂ ಒಮ್ಮೊಮ್ಮೆ ನಮ್ಮ ಗಾದೆಯಷ್ಟೇ ಅನ್ಯಾಯ ಮಾಡುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ ನಮಗೆ ಬೇಕಾಗುವುದು ಇಲ್ಲಿ. ಮೂಡಿಗೆರೆಯ ತೋಟ, ಕಾಡುಗಳಲ್ಲಿ ಅಲೆದು, ತಾವೇ ಚಿತ್ರ ತೆಗೆದು, ಹಕ್ಕಿಯನ್ನು ಕನ್ನಡದಲ್ಲಿ ಮಾತಾಡಿಸಿದವರು ಅವರು. ಗುರುತು ಹಿಡಿಯಲು ನಾವು ಸಾಲಿಂ ಅಲಿಯವರನ್ನೇ ನೆಚ್ಚುತ್ತೇವೆ. ಮನೆಗೆ ಬಂದು ಮಕ್ಕಳೆದುರು ಓದಲು ತೇಜಸ್ವಿಯವರನ್ನು. ಒಂದಿದ್ದರೆ ಸಾಕೆಂಬವರೊಡನೆ ನಮ್ಮ ತಕರಾರಿದೆ.

ಕಳೆದ ಫೆಬ್ರವರಿಯಲ್ಲಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಎಲೆಯುದುರಿದ ಬೂರುಗದ ಕೆಂಪು ಹೂಗಳಲ್ಲಿ ಮೈನಾ, ಪಿಕಳಾರ, ಕಾಜಾಣಗಳ ಸಂತೆ. ಪೊದೆಯೊಳಗಿಂದ ‘ಕೂಪ್ ಕೂಪ್’ ಎಂದು ದಪ್ಪ ದನಿ ಬಂತು. ಮಕ್ಕಳು ಪುಟ ತಿರುವುವ ಮುನ್ನವೇ ಜೊತೆಗಿದ್ದ ಅಜ್ಜಿ, “ಅದು ಕುಪ್ಪುಳು ಮಗಾ” ಎಂದರು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನೂ ಬರೆದುಕೊಂಡೆವು.