ರಾಕ್ ಕೇಳುವ ಗೆಳೆಯರಿಗೆ

ಬಂಡೂರು, ಹಲಗೂರು ಕಡೆಯ ನಮ್ಮ ಕೆಲವು ಗೆಳೆಯರು ಈಗ ಮೊಬೈಲಿನಲ್ಲಿ ಜಪಾನಿನ ರಾಕ್ ಕೇಳುತ್ತಾರೆ. ಕೇಳಲಿ. ಸಂಗೀತಕ್ಕೆ ಮಡಿಮೈಲಿಗೆ ಕಟ್ಟಿದವರು ನಾವಲ್ಲ. ಆದರೆ 'ಅಂಡರ್‌ಗ್ರೌಂಡ್' ಎಂಬ ಮಾತನ್ನು ಅವರು ತೀರಾ ಸಲೀಸಾಗಿ ಆಡುತ್ತಾರೆ. ಅಲ್ಲಿ ನಮ್ಮ ತಕರಾರಿದೆ. ನೆಲದಡಿಗೆ ತಾವಾಗಿ ಇಳಿದವರು ಬೇರೆ, ತುಳಿದು ತುಳಿದು ಅಡಿಗೆ ಹಾಕಿಸಿಕೊಂಡವರು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರೆ ಅದು ಯಾವ ಸೀಮೆ ವಿಮರ್ಶೆ?

ಜಪಾನಿನವರು ಈ ಮಾತನ್ನು ಮೊಟಕು ಮಾಡಿ 'ಅಂಗುರ' ಅಂದರು. 1960ರ ದಶಕದ ಕೊನೆ, ಅಲ್ಲಿನ ವಿದ್ಯಾರ್ಥಿಗಳು ದಂಗೆ ಎದ್ದಿದ್ದ ಕಾಲ. 1967ರಲ್ಲಿ ಕ್ಯೋಟೊದ ದೋಶಿಶಾ ವಿಶ್ವವಿದ್ಯಾನಿಲಯದಲ್ಲಿ ಮಿಜುತಾನಿ ತಕಾಶಿ 'ಹಡಾಕ ನೊ ರಾರೀಜು' ಎಂಬ ತಂಡ ಕಟ್ಟಿದ. ಗಿಟಾರಿನ ಕೀರಲು ಸದ್ದನ್ನೇ ಗೋಡೆಯ ಹಾಗೆ ಎಬ್ಬಿಸಿ ನಿಲ್ಲಿಸಿದವರು ಇವರು. ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ವಕಬಯಾಶಿ 1970ರ ಮಾರ್ಚಿಯಲ್ಲಿ ರೆಡ್ ಆರ್ಮಿ ಬಣದ ಒಂಬತ್ತು ಮಂದಿಯಲ್ಲಿ ಒಬ್ಬನಾಗಿ ವಿಮಾನ ಅಪಹರಿಸಿಕೊಂಡು ಉತ್ತರ ಕೊರಿಯಾ ಸೇರಿದ. ತಂಡ ತನ್ನದೇ ಆಲ್ಬಂ ಹೊರತಂದದ್ದು 1991ರಲ್ಲಿ. ಅಲ್ಲಿಯತನಕ ಅಭಿಮಾನಿಗಳ ಕೈಯಿಂದ ಕೈಗೆ ದಾಟಿದ ಟೇಪುಗಳೇ ಗತಿ. 'ಝುನೊ ಕೇಸತ್ಸು' ಎಂಬ ಇನ್ನೊಂದು ತಂಡದ ಮೊದಲ ಆಲ್ಬಂ 1972ರಲ್ಲಿ ಮಾರಾಟಕ್ಕೇ ಬರದಂತೆ ತಡೆಯಲಾಯಿತು.

ರೋಮಾಂಚನದ ಕತೆಗಳು, ಒಪ್ಪಿದೆವು. ಆದರೆ ವಿಮಾನ ಅಪಹರಿಸಿದ ಮಾತ್ರಕ್ಕೆ ಹಾಡು ದೊಡ್ಡದಾಗುವುದಿಲ್ಲ.

ನಮ್ಮ ಕಿವಿ ನಿಲ್ಲುವುದು ಓಕಬಯಾಶಿ ನೊಬುಯಾಸು ಹತ್ತಿರ. 1969ರ ಅವನ ಆಲ್ಬಮ್ಮಿನಲ್ಲಿ 'ತೆಗಾಮಿ', ಅಂದರೆ ಪತ್ರ, ಎಂಬ ಹಾಡಿದೆ. ಹುಟ್ಟಿನ ಕಾರಣಕ್ಕೆ ಮದುವೆ ಮುರಿದುಹೋದ ಬುರಾಕು ಹೆಣ್ಣೊಬ್ಬಳ ಪತ್ರ ಅದು. ಬುರಾಕು ಅಂದರೆ ಯಾರು? ಚರ್ಮ ಹದ ಮಾಡಿದ, ಸತ್ತ ದನ ಎತ್ತಿದ, ಅದಕ್ಕಾಗಿ ಊರಾಚೆ ಇಡಲ್ಪಟ್ಟ ಜನ. ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1871ರಲ್ಲಿ ಸರ್ಕಾರ ಕಾಗದದ ಮೇಲೆ ಅವರನ್ನು ಬಿಡುಗಡೆ ಮಾಡಿತು. ಕಾಗದ ಕಾಗದವಾಗಿಯೇ ಉಳಿದದ್ದರಿಂದ 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಅವರು 'ಸುಯಿಹೇಶಾ' ಕಟ್ಟಿದರು. ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟುವುದಕ್ಕೆ ಐದು ವರ್ಷ ಮೊದಲು. ಓಕಬಯಾಶಿ ಬುರಾಕುವಿನವನಲ್ಲ, ಪಾದ್ರಿಯ ಮಗ. ಆದರೂ ಆ ಹಾಡಿನಲ್ಲಿ ಅವನು ಕಿರುಚುವುದಿಲ್ಲ, ಅವಳ ಪರವಾಗಿ ಭಾಷಣ ಬಿಗಿಯುವುದಿಲ್ಲ. ಪತ್ರವನ್ನು ಪತ್ರವಾಗಿಯೇ ಬಿಡುತ್ತಾನೆ. ಬೇರೆಯವರ ನೋವನ್ನು ಹಾಡುವವರು ಇಷ್ಟು ಕಲಿತರೂ ಸಾಕು. 1970ರಲ್ಲಿ ಅವನ ಹಿಂದೆ ನಿಂತು ನುಡಿಸಿದ್ದು 'ಹ್ಯಾಪಿ ಎಂಡ್' ತಂಡ. ರಾಕ್ ಏನಿದ್ದರೂ ಇಂಗ್ಲಿಷಿಗೇ ಸರಿ ಎಂದು ವಾದ ಹೂಡಿದವರ ನಡುವೆ ಜಪಾನಿ ಭಾಷೆಯಲ್ಲೇ ರಾಕ್ ಹಾಡಿ ತೋರಿಸಿದವರು.

ಇನ್ನೊಂದು ತಂಡ ರಾಕಿನದಲ್ಲ, ಆದರೂ ಹೇಳದೆ ಇರಲಾರೆವು. ಒಸಾಕದ ನಾನಿವಾ ಬುರಾಕು ಕೇರಿಯವರು ತಲೆಮಾರುಗಳಿಂದ ತಾಯಿಕೊ ನಗಾರಿಗೆ ಚರ್ಮ ಬಿಗಿದರು. ಬಾರಿಸಿ ಚಪ್ಪಾಳೆ ತೆಗೆದುಕೊಂಡವರು ಬೇರೆಯವರು. 1987ರಲ್ಲಿ ಕೇರಿಯ ಹುಡುಗರು ತಾವೇ ಕೋಲು ಹಿಡಿದರು. ತಂಡಕ್ಕೆ ಇಟ್ಟ ಹೆಸರು 'ಇಕಾರಿ', ಸಿಟ್ಟು ಅಂತ.

ಈಗ ನಮ್ಮ ಕಡೆಗೆ ಬನ್ನಿ. ಬೆಂಗಳೂರಿನ ಬ್ಯಾಂಡುಗಳು ಬಹುಕಾಲ ಇಂಗ್ಲಿಷಿನಲ್ಲೇ ಹಾಡಿದವು. ರಘು ದೀಕ್ಷಿತ್ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ತಂದರು. ಅದೇ ವರ್ಷ 'ಸೈಕೋ' ಚಿತ್ರಕ್ಕೆ ಮಾದೇಶ್ವರನ ಹಾಡು ಮಾಡಿದರು. ಗಂಟಲು ಚೆನ್ನಾಗಿದೆ, ಕನ್ನಡಕ್ಕೆ ನಾಚಲಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಮಾದಪ್ಪ ವೇದಿಕೆ ಹತ್ತಿದ ಮೇಲೆ, ಮಾದಪ್ಪನನ್ನು ಇಷ್ಟು ಕಾಲ ಹೊತ್ತ ಕಂಸಾಳೆಯವನು ಎಲ್ಲಿ ಕೂತ? 2020ರಲ್ಲಿ ಚಂದನ್ ಶೆಟ್ಟಿಯ 'ಕೋಲುಮಂಡೆ' ಬಂದಾಗ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಕೆರಳಿದರು, ವಿಡಿಯೋ ಹಿಂದಕ್ಕೆ ಹೋಯಿತು. ಆ ಗದ್ದಲದಲ್ಲಿ ದೇವರ ಮಾನದ ಪ್ರಶ್ನೆ ಕೇಳಿಸಿತು. ಹಾಡಿದವರ ಕೂಲಿಯ ಪ್ರಶ್ನೆ ನಮ್ಮ ಕಿವಿಗೆ ಬೀಳಲಿಲ್ಲ.

ಮಂಟೇಸ್ವಾಮಿಯ ಮಠ ಇರುವುದು ನಮ್ಮ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಅವನ ಕಾವ್ಯ ಹಾಡುವ ನೀಲಗಾರರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ, ಪಕ್ಕದಲ್ಲಿ ಸೊಲ್ಲು ಕೊಡುವವರು. ಬೆಳಗಾನ ಹಾಡುತ್ತಾರೆ. ಏನು ಹಾಡುತ್ತಾರೆ ಕೇಳಿದ್ದೀರಾ? ಕೊಳೆತು ನಾರುವ ಮೈ ಹೊತ್ತು ಗುರು ಕಲ್ಯಾಣದ ಬಾಗಿಲಿಗೆ ಬಂದರೆ ಶರಣರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಕಡೆಗೆ ಬಸವಣ್ಣನೇ ಹುಡುಕಿಕೊಂಡು ಬರಬೇಕಾಗುತ್ತದೆ. ಸಮಾನತೆಯ ಪಟ್ಟಣವನ್ನೇ ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುವ ಈ ಎದೆಗಾರಿಕೆಯ ಮುಂದೆ ನಮ್ಮ ನವ್ಯರ ಬಂಡಾಯವೆಲ್ಲ ಸಪ್ಪೆ. ಮುಂದೆ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವುದು ಇದೇ ಹಲಗೂರಿಗೆ, ಪಾಂಚಾಳರ ಕುಲುಮೆಗೆ. ಹೆವಿ ಮೆಟಲ್ ಹುಡುಕುವ ಹುಡುಗರು ಅಲ್ಲಿಂದ ಶುರು ಮಾಡಬಹುದಿತ್ತು!

ಈ ಹಾಡೂ ಟೇಪಿನಲ್ಲೇ ಹರಡಿತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ಟೀ ಅಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕೂಗಿತು. ಮಿಜುತಾನಿಯ ಟೇಪು ಸಿಕ್ಕರೆ ನಿಧಿ, ಇದು ಸಿಕ್ಕರೆ 'ಹಳ್ಳಿಯವರ ಗದ್ದಲ'. ಬಂಡೂರು ಕುರಿಯ ಮಾಂಸಕ್ಕೆ ಹೆಸರಿದೆ. ಚರ್ಮ ಹದ ಮಾಡಿ ತಮಟೆ ಬಿಗಿದವನಿಗೆ ಹೆಸರಿಲ್ಲ ಅನ್ನುವ ಹಾಗೆ.

ಪಕ್ಕದ ಚೆನ್ನೈನಲ್ಲಿ 2017ರಲ್ಲಿ ಪಾ. ರಂಜಿತ್ ಮತ್ತು ತೆನ್ಮಾ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಕಟ್ಟಿದರು. ಸಾವಿನ ಮನೆಗೆ ಮೀಸಲಾಗಿದ್ದ ಪರೈ ಅಲ್ಲಿ ಗಿಟಾರಿನ ಪಕ್ಕ, ಅದೇ ಎತ್ತರದಲ್ಲಿ ನಿಂತಿತು. ಹಿಂದಿನ ಸಾಲಿನಲ್ಲಿ ಅಲಂಕಾರಕ್ಕಲ್ಲ. ಊರ ಹಬ್ಬದಲ್ಲಿ ಬಿಟ್ಟಿಗೆ ಬಡಿಯುವ ತಮಟೆಯನ್ನು ನಮ್ಮ ಚಳುವಳಿಯ ಹಿರಿಯರು ಜಾಥಾದ ಮುಂದಕ್ಕೆ ತಂದಾಗ ಮಾಡಿದ್ದೂ ಇದನ್ನೇ. ಕನ್ನಡದ ಯಾವುದೇ ಬ್ಯಾಂಡು ಎದುರಿಗೆ ಬಂದರೂ ನಾವು ಮೊದಲು ನೋಡುವುದು ತಮಟೆಯವನು ಎಲ್ಲಿ ನಿಂತಿದ್ದಾನೆ, ಅವನ ಹೆಸರನ್ನು ಮೈಕಿನಲ್ಲಿ ಹೇಳಿದರೋ ಇಲ್ಲವೋ ಅಂತ. ಗಿಟಾರಿನ ಸೊಗಸು ಆಮೇಲೆ.

ಮಿಜುತಾನಿಯನ್ನೂ ಓಕಬಯಾಶಿಯನ್ನೂ ಕೇಳಿ ಗೆಳೆಯರೇ. ಜನವರಿಯಲ್ಲಿ ಚಿಕ್ಕಲ್ಲೂರು ಜಾತ್ರೆಗೂ ಬನ್ನಿ, ರಾತ್ರಿ ಉಳಿಯುವ ಹಾಗೆ ಕಂಬಳಿ ತನ್ನಿ. ನೀಲಗಾರರ ಹಾಡನ್ನು ಮೊಬೈಲಿಗೆ ಹಿಡಿಯುವುದಾದರೆ ಮೊದಲು ಅವರನ್ನು ಕೇಳಿ. ಹಾಡಿದವರ, ಸೊಲ್ಲು ಕೊಟ್ಟವರ ಹೆಸರು, ಊರು ಬರೆದುಕೊಳ್ಳಿ.